ಕರಡಿಯ ಹೆಂಡತಿ, ಕಪ್ಪು ಕಲ್ಲು

ಅಮ್ಮ ವ್ಯಾಂಕೂವರಿಗೆ ಬಂದಿದ್ದಾಗ ಒಂದು ಮಳೆಯ ದಿನ ಅವಳನ್ನು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಗೋಡೆಯ ದೊಡ್ಡ ಹಜಾರದಲ್ಲಿ ನಿಂತಿರುವ ಸೀಡರ್ ಮರದ ಕಂಬಗಳನ್ನು ಕತ್ತೆತ್ತಿ ನೋಡಿದಳು, ಗುಡಿಯೊಳಗೆ ಬಂದವಳ ಹಾಗೆ ಕೈಮುಗಿದಳು, ಮುಂದೆ ನಡೆದಳು. ಅವಳು ನಿಂತುಬಿಟ್ಟದ್ದು ಒಳಗಿನ ಗ್ಯಾಲರಿಯಲ್ಲಿ. ಅಲ್ಲಿ ಗಾಜು ಮುಚ್ಚಿದ ಡ್ರಾಯರುಗಳಿವೆ, ನಾವೇ ಎಳೆದು ನೋಡಬಹುದು. ಒಂದರಲ್ಲಿ ಕಪ್ಪಗೆ ಮಿರುಗುವ ಸಣ್ಣ ಸಣ್ಣ ವಸ್ತುಗಳಿದ್ದವು. ಗೇಣುದ್ದದ ಕಂಬ, ಚಿಲುಮೆ, ಹಕ್ಕಿಯ ಕೊಕ್ಕು, ಯಾರದೋ ನಾಲಿಗೆ ಇನ್ಯಾರದೋ ಬಾಯೊಳಗೆ.

"ಇದು ಕಲ್ಲಾ, ಕಬ್ಬಿಣವಾ?"

ಕಲ್ಲು ಎಂದೆ. ಹಡಗಿನಲ್ಲಿ ಬರುತ್ತಿದ್ದವರಿಗೆ ಮಾರಲಿಕ್ಕೆಂದು ಈ ಕರಾವಳಿಯ ಮೂಲನಿವಾಸಿಗಳಾದ ಹೈಡಾ ಜನ ಕೆತ್ತುತ್ತಿದ್ದದ್ದು ಎಂದೂ ಸೇರಿಸಿದೆ. ನನಗೆ ಆಗ ಗೊತ್ತಿದ್ದದ್ದು ಅಷ್ಟೇ. ಅಮ್ಮ ಗಾಜಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿ ಕೇಳಿದಳು: "ಮಾರ್ಲಿಕ್ಕೆ ಮಾಡಿದ್ದಾದ್ರೆ ಇಷ್ಟು ಚಂದ ಯಾಕೆ ಮಾಡಿದ್ರು ಮಾರಾಯ್ತಿ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಎರಡು ವರ್ಷ ಸಿಕ್ಕಿದ್ದನ್ನೆಲ್ಲ ಓದಿದೆ, ಬೇರೆ ಊರಿಗೆ ಹೋದಾಗ ಅಲ್ಲಿನ ಮ್ಯೂಸಿಯಂ ಹುಡುಕಿದೆ, ಕೊನೆಗೆ ಕಲ್ಲು ಹುಟ್ಟುವ ಊರಿಗೇ ಹೋಗಿಬಂದೆ.

ಕೆನಡಾದ ಪಶ್ಚಿಮ ಕರಾವಳಿಯಾಚೆ, ಅಲಾಸ್ಕಾದ ತುದಿಗೆ ಸ್ವಲ್ಪ ಕೆಳಗೆ, ಹೈಡಾ ಜನರ ನಾಡಾದ ಹೈಡಾ ಗ್ವಾಯ್ ಇದೆ. ಸಣ್ಣದು ದೊಡ್ಡದು ಸೇರಿ ಇನ್ನೂರರ ಆಸುಪಾಸು ದ್ವೀಪಗಳು. 1787ರಲ್ಲಿ ಬಂದ ಜಾರ್ಜ್ ಡಿಕ್ಸನ್ ಎಂಬ ಇಂಗ್ಲಿಷ್ ಕಪ್ತಾನ ತನ್ನ ಹಡಗಿನ ಹೆಸರನ್ನೇ ಈ ನೆಲಕ್ಕೆ ಅಂಟಿಸಿ ಹೋದ. ಕ್ವೀನ್ ಷಾರ್ಲೆಟ್ ದ್ವೀಪಗಳು ಎಂಬ ಆ ಹೆಸರು ನಕ್ಷೆಯ ಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. 2010ರಲ್ಲಿ ಹೈಡಾ ಜನ ಆ ಹೆಸರನ್ನು ಒಂದು ಸೀಡರ್ ಪೆಟ್ಟಿಗೆಯಲ್ಲಿಟ್ಟು, ಶಾಸ್ತ್ರೋಕ್ತವಾಗಿ ಸರ್ಕಾರಕ್ಕೆ ವಾಪಸು ಕೊಟ್ಟರು. ಎರವಲು ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸುವ ಹಾಗೆ. ಈ ಸಂಗತಿ ಓದಿದ ದಿನವೇ ಆ ಜನರ ಮೇಲೆ ನನಗೆ ಪ್ರೀತಿ ಹುಟ್ಟಿತು.

ಕಲ್ಲಿನ ಹೆಸರು ಆರ್ಗಿಲೈಟ್. ಇಂಗಾಲ ಬೆರೆತು ಕಪ್ಪಾದ ಜೇಡಿಯ ಕಲ್ಲು. ಸ್ಕಿಡೆಗೇಟ್ ಎಂಬ ಹಳ್ಳಿಯ ಹತ್ತಿರ, ಸ್ಲೇಟ್‌ಚಕ್ ತೊರೆಯ ಪಕ್ಕದ ಗುಡ್ಡದಲ್ಲಿ ಇದರ ಕೋರೆಯಿದೆ. 1941ರಿಂದ ಆ ಜಾಗ ಹೈಡಾ ಜನರಿಗೇ ಮೀಸಲು. ಕಾಡಿನ ಕಾಲುದಾರಿಯಲ್ಲಿ ನಡೆದು ಹೋಗಿ, ಕಲ್ಲು ಬಿಡಿಸಿ, ಬೆನ್ನ ಮೇಲೆ ಹೊತ್ತು ತರಬೇಕು. ಚಾಕುವಿನಲ್ಲೇ ಕೆತ್ತಬಹುದಾದಷ್ಟು ಮೆದು. ಹಳೇಬೀಡಿನ ಬಳಪದ ಕಲ್ಲು ನೆನಪಾಗಿ, ಇದೂ ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೇನೋ ಅಂದುಕೊಂಡಿದ್ದೆ. ಹಾಗೆ ಬರೆದವರೂ ಇದ್ದಾರೆ, ಆದರೆ ಅದು ನಿಜವಲ್ಲ. ಇದು ಗಟ್ಟಿಯಾಗುವುದಿಲ್ಲ. ಒಣಗುತ್ತದೆ, ಅವಸರದಲ್ಲಿ ಒಣಗಿದರೆ ಪದರ ಪದರವಾಗಿ ಬಿರಿಯುತ್ತದೆ.

ಇನ್ನು ಮಾರಾಟದ ವಿಷಯ. ಡಿಕ್ಸನ್ ಆ ಒಂದೇ ಬೇಸಿಗೆಯಲ್ಲಿ ಇಲ್ಲಿಂದ 1,800ಕ್ಕೂ ಹೆಚ್ಚು ಕಡಲ ನೀರುನಾಯಿಯ ತೊಗಲು ಕೊಂಡೊಯ್ದ. ಅವನ ಹಿಂದೆ ಹಡಗಿನ ಮೇಲೆ ಹಡಗು ಬಂತು. ಮೂವತ್ತು ನಲವತ್ತು ವರ್ಷದಲ್ಲಿ ನೀರುನಾಯಿಗಳು ಮುಗಿಯುತ್ತ ಬಂದವು, ಹಡಗಿನವರು ಮಾತ್ರ ಬರುತ್ತಲೇ ಇದ್ದರು. ಮಾರಲು ಬೇರೇನು ಇದೆ ಎಂದು ಹುಡುಕುವ ಹೊತ್ತಿಗೆ, 1820ರ ಸುಮಾರಿಗೆ, ಕಪ್ಪು ಕಲ್ಲಿನ ಚಿಲುಮೆಗಳು ಕಾಣಿಸಿಕೊಳ್ಳುತ್ತವೆ.

ಇಲ್ಲೊಂದು ವಿಷಯ ಹೇಳಲೇಬೇಕು. ಹೈಡಾ ಜನ ಹೊಗೆಸೊಪ್ಪು ಬೆಳೆಯುತ್ತಿದ್ದರು, ಆದರೆ ಸೇದುತ್ತಿರಲಿಲ್ಲ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಜೊತೆ ಬಾಯಿಗೆ ಹಾಕಿಕೊಂಡು ಜಗಿಯುತ್ತಿದ್ದರು. ಮಳಿಯ ಚಿಪ್ಪು ಸುಟ್ಟ ಸುಣ್ಣ, ಹೊಗೆಸೊಪ್ಪು! ನಮ್ಮೂರಿನ ಎಲೆತಟ್ಟೆಯ ಮುಂದೆ ಕೂರಿಸಿದರೆ ಅಡಿಕೆ, ವೀಳ್ಯದೆಲೆ ಎರಡನ್ನೇ ಹೊಸದಾಗಿ ಪರಿಚಯಿಸಬೇಕಾದೀತು. ಇದನ್ನು ಹೇಳಿದಾಗ ಅಮ್ಮ ಎಷ್ಟು ಖುಷಿಪಟ್ಟಳೆಂದರೆ, ಅವತ್ತಿನಿಂದ ಹೈಡಾ ಜನ ಅವಳಿಗೆ "ನಮ್ಮವರು". ಚಿಲುಮೆ ಹಡಗಿನವರ ಬಾಯಲ್ಲಿ ಕಂಡ ವಸ್ತು. ಅದರ ಆಕಾರ ತೆಗೆದುಕೊಂಡು, ಅದರ ಮೇಲೆ ಹಕ್ಕಿ, ಕಪ್ಪೆ, ಮನುಷ್ಯ, ತಿಮಿಂಗಿಲಗಳನ್ನು ಒಂದರೊಳಗೊಂದು ಹೆಣೆದರು. ಎಷ್ಟೋ ಚಿಲುಮೆಗಳಲ್ಲಿ ಹೊಗೆ ಸೇದಲು ಸಾಧ್ಯವೇ ಇಲ್ಲ. ಹೆಸರಿಗೆ ಚಿಲುಮೆ, ಅಷ್ಟೇ.

ಸ್ವಲ್ಪ ಕಾಲದ ನಂತರ ಅದೇ ಕಲ್ಲಿನಲ್ಲಿ ಹಡಗಿನವರೇ ಬಂದು ಕೂತರು. ಟೋಪಿ ಹಾಕಿದ ನಾವಿಕ, ಹಗ್ಗ, ರಾಟೆ, ಹಡಗಿನ ಮೇಲಿನ ಕೋಣೆಯ ಕಿಟಕಿ. ನೋಡಲು ಬಂದವರನ್ನು ಈ ಕೆತ್ತನೆಗಾರರು ಕಣ್ಣು ಕಿರಿದು ಮಾಡಿಕೊಂಡು ಎಷ್ಟು ಗಮನವಿಟ್ಟು ನೋಡಿದ್ದಾರೆಂದರೆ, ಕೋಟಿನ ಗುಂಡಿ ಕೂಡ ಬಿಟ್ಟಿಲ್ಲ.

ಆಮೇಲೆ 1862 ಬಂತು. ಸ್ಯಾನ್‌ಫ್ರಾನ್ಸಿಸ್ಕೋದಿಂದ ಬಂದ ಹಡಗೊಂದು ವಿಕ್ಟೋರಿಯಾ ಪಟ್ಟಣಕ್ಕೆ ಸಿಡುಬು ತಂದಿತು. ವ್ಯಾಪಾರಕ್ಕೆಂದು ಅಲ್ಲಿ ಬಿಡಾರ ಹೂಡಿದ್ದ ಮೂಲನಿವಾಸಿಗಳನ್ನು ಅಧಿಕಾರಿಗಳು ಊರು ಬಿಟ್ಟು ಹೋಗಿ ಎಂದು ಅಟ್ಟಿದರು. ಅವರು ದೋಣಿ ಹತ್ತಿ ಉತ್ತರಕ್ಕೆ ತಮ್ಮ ಊರಿಗೆ ಹೊರಟರು, ಸಿಡುಬೂ ಅವರ ಜೊತೆ ಹೊರಟಿತು. ಸಾವಿರಾರು ಸಂಖ್ಯೆಯಲ್ಲಿದ್ದ ಹೈಡಾ ಜನ ಇಪ್ಪತ್ತನೇ ಶತಮಾನದ ಆರಂಭಕ್ಕೆ 600ಕ್ಕೂ ಕಡಿಮೆ. ದ್ವೀಪದ ತುಂಬ ಹರಡಿದ್ದ ಹಳ್ಳಿಗಳು ಖಾಲಿಯಾಗಿ, ಉಳಿದವರು ಸ್ಕಿಡೆಗೇಟ್ ಮತ್ತು ಮ್ಯಾಸೆಟ್ ಎಂಬ ಎರಡೇ ಊರುಗಳಲ್ಲಿ ಬಂದು ಸೇರಿದರು. ಅಜ್ಜ, ಅಜ್ಜಿ, ಸೋದರಮಾವ, ಕತೆ ಹೇಳುವವರು, ಹಾಡು ಗೊತ್ತಿದ್ದವರು ಒಂದೇ ಮಳೆಗಾಲದಲ್ಲಿ ಇಲ್ಲವಾದ ಊರನ್ನು ಊಹಿಸಿಕೊಳ್ಳಲು ಕೂತರೆ ನನಗೆ ಮುಂದಿನ ಸಾಲು ಬರೆಯಲಾಗುವುದಿಲ್ಲ.

ಅದರ ಬೆನ್ನಿಗೇ ಮಿಷನರಿಗಳು ಬಂದರು. ಮನೆಯ ಮುಂದಿನ ಟೋಟೆಮ್ ಕಂಬಗಳು, ಅಂದರೆ ಕುಲದ ಲಾಂಛನ ಕೆತ್ತಿದ ಸೀಡರ್ ಕಂಬಗಳು, ಉರುಳಿದವು, ಕೆಲವು ಸೌದೆಯಾದವು. ಹೆಸರು ಪಡೆಯುವುದು, ಕಂಬ ನಿಲ್ಲಿಸುವುದು, ಸತ್ತವರನ್ನು ಸ್ಮರಿಸುವುದು ಎಲ್ಲವೂ ನಡೆಯುತ್ತಿದ್ದ ಪಾಟ್‌ಲ್ಯಾಚ್ ಎಂಬ ದೊಡ್ಡ ಔತಣವನ್ನು ಕೆನಡಾ ಸರ್ಕಾರ 1885ರಿಂದ ಅಪರಾಧವೆಂದು ಸಾರಿತು. ಆ ಕಾನೂನು ಹೋದದ್ದು 1951ರಲ್ಲಿ.

ಸರಿಯಾಗಿ ಇದೇ ಕಾಲದಲ್ಲಿ ಕಪ್ಪು ಕಲ್ಲಿನ ಕೆತ್ತನೆ ಬದಲಾಗುತ್ತದೆ. ನಾವಿಕರು ಮರೆಯಾಗುತ್ತಾರೆ. ಗೇಣುದ್ದ, ಮೊಳದುದ್ದದ ಟೋಟೆಮ್ ಕಂಬಗಳು, ಮುಚ್ಚಳದ ಪೆಟ್ಟಿಗೆಗಳು, ಹರಿವಾಣದಂಥ ತಟ್ಟೆಗಳು, ಅವುಗಳ ಮೇಲೆ ಹಳೆಯ ಕತೆಗಳು. ಹೊರಗೆ ಕಂಬ ಬಿದ್ದಷ್ಟೂ ಒಳಗೆ, ಮನೆಯ ಬೆಂಚಿನ ಮೇಲೆ, ಸಣ್ಣ ಕಂಬಗಳು ಏಳುತ್ತ ಹೋದವು. ಕಾನೂನಿನ ಕಣ್ಣಿಗೆ ಅದು ವ್ಯಾಪಾರ, ಪಾದ್ರಿಗಳ ಕಣ್ಣಿಗೆ ಕಷ್ಟಪಟ್ಟು ದುಡಿಯುವ ಕಸುಬು. ಯಾರೂ ತಡೆಯಲಿಲ್ಲ.

ಕತೆಗಳಲ್ಲಿ ನನ್ನನ್ನು ಬಿಡದೆ ಹಿಡಿದದ್ದು ಕರಡಿಯ ಹೆಂಡತಿಯದು. ದೊಡ್ಡ ಮನೆಯ ಹುಡುಗಿಯೊಬ್ಬಳು ಗೆಳತಿಯರ ಜೊತೆ ಕಾಡಿಗೆ ಹಣ್ಣು ಕೀಳಲು ಹೋಗುತ್ತಾಳೆ. ಕರಡಿಯ ಹಿಕ್ಕೆ ತುಳಿದು ಜಾರುತ್ತಾಳೆ, ಸಿಟ್ಟಿನಲ್ಲಿ ಕರಡಿಗಳ ಕುಲವನ್ನೇ ಬೈಯುತ್ತಾಳೆ. ಸಂಜೆ ಬುಟ್ಟಿಯ ಪಟ್ಟಿ ಹರಿದು ಅವಳು ಹಿಂದುಳಿಯುತ್ತಾಳೆ. ಆಗ ಬಂದ ಚೆಲುವ ತರುಣ ಬುಟ್ಟಿ ಹೊರುತ್ತೇನೆ ಬಾ ಎಂದು ಕರೆದೊಯ್ದದ್ದು ಕರಡಿಗಳ ಊರಿಗೆ. ಅಲ್ಲಿ ಮನೆಯೊಳಗೆ ಎಲ್ಲರೂ ಮನುಷ್ಯರೇ. ಹೊರಗೆ ಹೊರಡುವಾಗ ಗೋಡೆಯ ಮೇಲಿನ ತೊಗಲನ್ನು ಹೊದ್ದುಕೊಳ್ಳುತ್ತಾರೆ, ಕರಡಿಗಳಾಗುತ್ತಾರೆ. ಅವಳು ಆ ಮನೆಯ ಸೊಸೆಯಾಗುತ್ತಾಳೆ, ಅವಳಿ ಮರಿಗಳನ್ನು ಹೆರುತ್ತಾಳೆ. ಅವಳ ಅಣ್ಣತಮ್ಮಂದಿರು ನಾಯಿ ಕಟ್ಟಿಕೊಂಡು ಹುಡುಕುತ್ತ ಬರುವುದು ಗಂಡನಿಗೆ ಮೊದಲೇ ತಿಳಿಯುತ್ತದೆ. ಅವನು ಓಡುವುದಿಲ್ಲ. ಸತ್ತ ಕರಡಿಯ ಮುಂದೆ ಹಾಡಬೇಕಾದ ಹಾಡುಗಳನ್ನು ಹೆಂಡತಿಗೆ ಕಲಿಸಿಕೊಟ್ಟು ಸಾಯಲು ಹೊರಡುತ್ತಾನೆ. ಅವಳು ಮಕ್ಕಳೊಂದಿಗೆ ತವರಿಗೆ ಮರಳುತ್ತಾಳೆ. ಆ ಕರಾವಳಿಯ ಬೇರೆ ಜನರಲ್ಲೂ ಈ ಕತೆಯಿದೆ, ಹೇಳುವವರಿಗೆ ತಕ್ಕ ಹಾಗೆ ವಿವರ ಬದಲಾಗುತ್ತದೆ.

ಇದರ ಒಂದು ಕೆತ್ತನೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. 1883ರಲ್ಲಿ ಜೇಮ್ಸ್ ಸ್ವಾನ್ ಎಂಬಾತ ಸ್ಕಿಡೆಗೇಟಿನಲ್ಲಿ ಕೊಂಡದ್ದು. ಅಂಗೈ ಮೇಲೆ ಇಡಬಹುದಾದಷ್ಟು ಪುಟ್ಟ ಶಿಲ್ಪ. ಹೆಂಗಸು ಅರೆ ಒರಗಿದ್ದಾಳೆ, ಎದೆಯ ಮೇಲೆ ಮರಿ ಹಾಲು ಕುಡಿಯುತ್ತಿದೆ. ಅವಳ ಕತ್ತು ಹಿಂದಕ್ಕೆ ಬಾಗಿದೆ, ಮುಖ ನೋವಿನಲ್ಲಿ ಬಿಗಿದಿದೆ. ಮನುಷ್ಯ ತಾಯಿಯ ಎದೆ, ಕರಡಿ ಮರಿಯ ಬಾಯಿ. ಹಾಲೂಡಿಸುವ ಮೊದಲ ವಾರಗಳಲ್ಲಿ ಹಲ್ಲು ಕಚ್ಚಿಕೊಂಡು ಕೂತ ಯಾವ ತಾಯಿಗೂ ಆ ಮುಖ ಅರ್ಥವಾಗುತ್ತದೆ. ಅವಳು ಮರಿಯನ್ನು ದೂರ ತಳ್ಳುತ್ತಿಲ್ಲ ಎಂಬುದನ್ನೂ ನೋಡಬೇಕು. ಆ ಕೆತ್ತನೆಗಾರ ಇದನ್ನು ಎಲ್ಲಿ ನೋಡಿದ? ತನ್ನ ಮನೆಯಲ್ಲೇ ನೋಡಿರಬೇಕು. ಕೊಳ್ಳುವವನಿಗೆ ಕರಡಿಯೂ ಹೆಂಗಸೂ ಸಾಕಿತ್ತು. ಆ ನೋವನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ಹೆಚ್ಚಿನ ದುಡ್ಡೂ ಸಿಕ್ಕಿರಲಾರದು.

ಅಮ್ಮನಿಗೆ ಇಷ್ಟವಾದದ್ದು ವಾಸ್ಗೋ. ತೋಳದ ಮೈ, ಓರ್ಕಾ ತಿಮಿಂಗಿಲದ ರೆಕ್ಕೆ ಇರುವ ಪ್ರಾಣಿ. ಅತ್ತೆಯ ಬಾಯಲ್ಲಿ ದಿನವೂ ಸೋಮಾರಿ ಎನ್ನಿಸಿಕೊಳ್ಳುತ್ತಿದ್ದ ಅಳಿಯನೊಬ್ಬ ಗುಟ್ಟಾಗಿ ವಾಸ್ಗೋವನ್ನು ಕೊಂದು, ಅದರ ತೊಗಲು ತೊಟ್ಟು, ರಾತ್ರಿಯೆಲ್ಲ ಸಮುದ್ರದಲ್ಲಿ ಬೇಟೆಯಾಡಿ, ಬೆಳಗಾಗುವುದರೊಳಗೆ ದಡದಲ್ಲಿ ಮೀನು ಇಟ್ಟು ಬರುತ್ತಾನೆ. ಅತ್ತೆ ಅದು ತನ್ನ ಮಂತ್ರಶಕ್ತಿಯಿಂದಲೇ ಬಂತೆಂದು ಮೆರೆಯುತ್ತಾಳೆ. ಮೀನು ಹೋಗಿ ಸೀಲ್, ಸೀಲ್ ಹೋಗಿ ತಿಮಿಂಗಿಲ. ಕೊನೆಗೊಂದು ದಿನ ಎಲ್ಲರ ಎದುರು ವಾಸ್ಗೋ ತೊಗಲಿನೊಳಗಿಂದ ಅಳಿಯ ಹೊರಬಂದಾಗ ಅವಳು ಅವಮಾನ ತಾಳದೆ ಸಾಯುತ್ತಾಳೆ. ಅಮ್ಮ ಇದನ್ನು ಫೋನಿನಲ್ಲಿ ಊರಿನ ಚಿಕ್ಕಮ್ಮನಿಗೆ ಹೇಳುವಾಗ ಅತ್ತೆಗೆ ನಮ್ಮ ನೆರೆಮನೆಯವರ ಹೆಸರು ಬಂದಿತ್ತು. ಕತೆ ದಾಟುವುದು ಹಾಗೆಯೇ ಇರಬೇಕು.

ರೇವನ್ ಇಲ್ಲದೆ ಹೈಡಾ ಕತೆ ಮುಗಿಯುವುದಿಲ್ಲ. ನಮ್ಮ ಕಾಡುಕಾಗೆಗಿಂತ ದೊಡ್ಡ ಹಕ್ಕಿ, ದಪ್ಪ ಕೊಕ್ಕು. ಕತ್ತಲಲ್ಲಿದ್ದ ಲೋಕಕ್ಕೆ ಬೆಳಕು ಕದ್ದು ತಂದವನೂ ಅವನೇ, ಸಮುದ್ರದ ದಡದ ಚಿಪ್ಪಿನೊಳಗೆ ಅಡಗಿದ್ದ ಮೊದಲ ಮನುಷ್ಯರನ್ನು ಹೊರಗೆ ಕರೆದವನೂ ಅವನೇ. ಹಸಿವು, ಆಸೆ, ಕುತೂಹಲ, ಇವು ಮೂರೇ ಅವನ ಬಂಡವಾಳ. ಮನುಷ್ಯಲೋಕಕ್ಕೆ ಹೆಣ್ತನ ಬಂದದ್ದು ಹೇಗೆ ಎಂಬ ಕತೆಯಲ್ಲೂ ಅವನಿದ್ದಾನೆ. ಹೆಂಗಸರನ್ನು ಹೆಂಗಸರಾಗಿಸುವ ಅಂಗವನ್ನು ದೂರದ ಬಂಡೆಯೊಂದರಿಂದ ಈಟಿಯಲ್ಲಿ ಹೊಡೆದು ತರಬೇಕು. ಆ ಬಂಡೆಯ ಶಕ್ತಿ ಎಷ್ಟೆಂದರೆ ಹತ್ತಿರ ಹೋದವರು ತಾಳಲಾರರು. ರೇವನ್ ಒಬ್ಬೊಬ್ಬರನ್ನೇ ತನ್ನ ದೋಣಿಯ ಚುಕ್ಕಾಣಿಗೆ ಕೂರಿಸಿ ನೋಡುತ್ತಾನೆ, ಎಲ್ಲರೂ ಸೋಲುತ್ತಾರೆ. ಕೊನೆಗೆ ಮರದ ಬೊಡ್ಡೆಯ ಮೇಲೆ ಬೆಳೆಯುವ ಗಟ್ಟಿ ಅಣಬೆಯೊಂದನ್ನು ತಂದು, ಅದರ ಮೇಲೆ ಮುಖ ಬರೆದು, ದೋಣಿಯ ಹಿಂದೆ ಕೂರಿಸುತ್ತಾನೆ. ಅಣಬೆ ಗೆಲ್ಲುತ್ತದೆ!

ಈ ಕತೆಯನ್ನು ಕೆತ್ತಿದ ಆರ್ಗಿಲೈಟ್ ತಟ್ಟೆಯೊಂದು ಷಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿದೆ. ಕೆತ್ತಿದವನು ಚಾರ್ಲ್ಸ್ ಎಡೆನ್‌ಶಾ, 1839ರಲ್ಲಿ ಹುಟ್ಟಿ 1920ರಲ್ಲಿ ತೀರಿಕೊಂಡವನು. ದುಂಡು ತಟ್ಟೆಯ ತುಂಬ ದೋಣಿ. ಮುಂದೆ ಈಟಿ ಹಿಡಿದ ರೇವನ್, ಹಿಂದೆ ಹುಟ್ಟು ಹಾಕುವ ಅಣಬೆ. ಒಂದು ಗೆರೆಯೂ ಜಾಗ ಸಿಕ್ಕಿತೆಂದು ಬಂದು ಕೂತದ್ದಲ್ಲ. ನನ್ನ ಮಟ್ಟಿಗೆ ಜಗತ್ತಿನ ಅತ್ಯುತ್ತಮ ಶಿಲ್ಪಗಳ ಸಾಲಿನಲ್ಲಿ ನಿಲ್ಲುವ ಕೆಲಸ ಅದು.

ಎಡೆನ್‌ಶಾ ಬಗ್ಗೆ ಓದುವಾಗ ಒಂದು ಕಡೆ ನಿಂತು ಅಮ್ಮನನ್ನು ಕರೆದೆ. ಅವನಿಗೆ ನಾಯಕನ ಹೆಸರು, ಸ್ಥಾನ ಬಂದದ್ದು ಅಪ್ಪನಿಂದಲ್ಲ, ಆಲ್ಬರ್ಟ್ ಎಡೆನ್‌ಶಾ ಎಂಬ ಸೋದರಮಾವನಿಂದ. ಹೈಡಾ ಜನರಲ್ಲಿ ಕುಲ, ಲಾಂಛನ, ಹೆಸರು ಎಲ್ಲವೂ ತಾಯಿಯ ಕಡೆಯಿಂದ. ರೇವನ್ ಪಂಗಡದವರು ಈಗಲ್ ಪಂಗಡದಲ್ಲಿ ಮದುವೆಯಾಗಬೇಕು, ಮಕ್ಕಳು ತಾಯಿಯ ಪಂಗಡಕ್ಕೆ ಸೇರುತ್ತಾರೆ. ಅಮ್ಮ ಹುಟ್ಟಿದ್ದು ಉಡುಪಿಯ ಹತ್ತಿರದ ಅಳಿಯಸಂತಾನದ ಮನೆಯಲ್ಲಿ. "ಮತ್ತೆ? ಮಾವನ ಆಸ್ತಿ ಅಳಿಯನಿಗೆ ಹೋಗದೆ ಇನ್ಯಾರಿಗೆ ಹೋಗ್ತದೆ?" ಎಂದಳು, ಇದರಲ್ಲಿ ಆಶ್ಚರ್ಯಕ್ಕೇನಿದೆ ಎನ್ನುವ ದನಿಯಲ್ಲಿ.

ಆ ಪದ್ಧತಿ ತಿಳಿದ ಮೇಲೆ ನನಗೆ ಆರ್ಗಿಲೈಟ್ ಬೇರೆ ಥರ ಕಾಣತೊಡಗಿತು. ಮನೆಯ ಮುಂದಿನ ದೊಡ್ಡ ಕಂಬದ ಮೇಲೆ ಯಾವ ಲಾಂಛನ ಬೇಕಾದರೂ ಕೆತ್ತುವಂತಿಲ್ಲ. ಅದು ಒಂದು ಕುಲದ ಸ್ವತ್ತು. ಅದನ್ನು ನಿಲ್ಲಿಸಲು ಔತಣ ಬೇಕು, ಸಾಕ್ಷಿಗಳು ಬೇಕು. ಹೊರಗಿನವರಿಗೆ ಮಾರುವ ಕಲ್ಲಿಗೆ ಆ ಕಟ್ಟುಪಾಡಿನ ಭಾರ ಅಷ್ಟಿರಲಿಲ್ಲ. ಕೆತ್ತನೆಗಾರ ತನಗೆ ಹಿಡಿಸಿದ ಕತೆ ಹೇಳಬಹುದಿತ್ತು, ಅಣಬೆಯ ಮುಖಕ್ಕೆ ತನಗೆ ತೋಚಿದ ಭಾವ ಕೊಡಬಹುದಿತ್ತು. ಮಾರಾಟದ ವಸ್ತು ಎಂದರೆ ಕೈಗೆ ಸಂಕೋಲೆ ಎಂದುಕೊಂಡಿದ್ದವಳು ನಾನು. ಇವರ ಕೈ ಬಿಡುಗಡೆಯಾದದ್ದೇ ಅಲ್ಲಿ.

ಬೆಲೆಯನ್ನೂ ತೆತ್ತರು. ಮಾರಲೆಂದೇ ಮಾಡಿದ್ದರಿಂದ ಒಳ್ಳೆಯದೆಲ್ಲ ಊರು ಬಿಟ್ಟು ಹೋಯಿತು. ಲಂಡನ್, ವಾಷಿಂಗ್ಟನ್, ಷಿಕಾಗೋ, ನ್ಯೂಯಾರ್ಕ್. ಕೊಂಡವರು ತಾರೀಕು ಬರೆದರು, ಹಡಗಿನ ಹೆಸರು ಬರೆದರು, ಕೆತ್ತಿದವರ ಹೆಸರು ಬರೆದದ್ದು ಮಾತ್ರ ಅಪರೂಪ. ಎಡೆನ್‌ಶಾ ಕೂಡ ತನ್ನ ಕೆಲಸಕ್ಕೆ ಸಹಿ ಹಾಕಿದವನಲ್ಲ. ಕಣ್ಣಿನ ಬಾಗು, ಗೆರೆಯ ಓಟ ನೋಡಿ ಇದು ಅವನದು ಎಂದು ಇಂದಿನವರು ಗುರುತಿಸುತ್ತಾರೆ. ಉಳಿದ ಎಷ್ಟೋ ಜನ ಡ್ರಾಯರಿನಲ್ಲಿ ಹೆಸರಿಲ್ಲದೆ ಮಲಗಿದ್ದಾರೆ. ಈ ಅನ್ಯಾಯಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಆದರೂ ಕೈ ಮರೆಯಲಿಲ್ಲ. ಎಡೆನ್‌ಶಾನ ಮರಿಮಗ ರಾಬರ್ಟ್ ಡೇವಿಡ್‌ಸನ್ ಹುಟ್ಟಿದ್ದು 1946ರಲ್ಲಿ, ಬೆಳೆದದ್ದು ಮ್ಯಾಸೆಟ್‌ನಲ್ಲಿ. ಅವನು ಬೆಳೆಯುವಾಗ ಆ ಊರಿನಲ್ಲಿ ನಿಂತ ಕಂಬ ಒಂದೂ ಇರಲಿಲ್ಲ. ಅಜ್ಜನೂ ಅಪ್ಪನೂ ಆರ್ಗಿಲೈಟ್ ಕೆತ್ತುತ್ತಿದ್ದರು. ಹದಿಮೂರನೇ ವಯಸ್ಸಿಗೆ ಅವನ ಕೈಗೂ ಕಲ್ಲು ಕೊಟ್ಟರು. ಅವನು ಮೊದಲು ಕೆತ್ತಿದ್ದು ಕಪ್ಪು ಕಲ್ಲಿನ ಪುಟ್ಟ ಟೋಟೆಮ್ ಕಂಬ. 1969ರಲ್ಲಿ, ಇಪ್ಪತ್ತೆರಡರ ಹುಡುಗ, ನಲವತ್ತು ಅಡಿಯ ಸೀಡರ್ ಕಂಬ ಕೆತ್ತಿ ಊರ ನಡುವೆ ನಿಲ್ಲಿಸಿದ. ಹತ್ತಿರ ಹತ್ತಿರ ಒಂದು ಶತಮಾನದ ನಂತರ ಮ್ಯಾಸೆಟ್‌ನಲ್ಲಿ ಎದ್ದ ಮೊದಲ ಕಂಬ ಅದು. ಎತ್ತುವುದು ಹೇಗೆ, ಯಾವ ಹಾಡು ಹಾಡಬೇಕು ಎಂದು ಹಿರಿಯರು ಒಟ್ಟಿಗೆ ಕೂತು ನೆನಪು ಮಾಡಿಕೊಂಡರು. ಹಗ್ಗ ಹಿಡಿದು ಇಡೀ ಊರು ಎಳೆಯಿತು. ಮಾರಾಟದ ಸಣ್ಣ ಕಂಬಗಳಲ್ಲಿ ಕಾದಿಟ್ಟ ಆಕಾರ ಮತ್ತೆ ಮರಕ್ಕೆ ಏರಿತು.

ಹೋದ ಬೇಸಿಗೆಯಲ್ಲಿ ನಾನು ಪ್ರಿನ್ಸ್ ರೂಪರ್ಟ್‌ನಿಂದ ಫೆರಿ ಹತ್ತಿದೆ. ಹೆಕೇಟ್ ಜಲಸಂಧಿ ದಾಟಲು ಇಡೀ ಒಂದು ಹಗಲು ಬೇಕು. ಸ್ಕಿಡೆಗೇಟ್‌ನಲ್ಲಿ ಒಬ್ಬ ಕೆತ್ತನೆಗಾರರ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂರಲು ಅವಕಾಶ ಸಿಕ್ಕಿತು. ಮೂಲೆಯಲ್ಲಿ ಕಲ್ಲಿನ ತುಂಡುಗಳು ಒದ್ದೆ ಬಟ್ಟೆ, ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿದ್ದವು. ಒಂದನೇ ಕ್ಲಾಸಿನ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬರುತ್ತಿದ್ದ ವಾಸನೆಯೇ ಅಲ್ಲಿ ತುಂಬಿತ್ತು. ಉಳಿ ಹೋದಲ್ಲೆಲ್ಲ ಕಲ್ಲು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಅವರು ಅಲಗಿನ ಪುಡಿ ಊದಿ, ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿದರೆ ಕಪ್ಪು ಮತ್ತೆ ಕಣ್ಣು ಬಿಡುತ್ತಿತ್ತು. ಕೆಲಸ ಮಾಡುತ್ತಲೇ ಮಾತು. ಅಜ್ಜನ ಉಳಿ ಇದು, ಹಿಡಿ ಮಾತ್ರ ಬದಲಾಗಿದೆ ಎಂದರು. ಕೋರೆಗೆ ಹೋದಾಗ ಎಷ್ಟು ಹೊರಬಹುದೋ ಅಷ್ಟೇ ತರುವುದು ಎಂದರು.

ನೆನಪಿಗೆ ಒಂದು ಚೂರು ಹಸಿ ಕಲ್ಲು ಕೊಡುತ್ತೀರಾ ಎಂದು ಕೇಳಿದೆ. ದುಡ್ಡು ಕೊಡುತ್ತೇನೆ ಎಂದೂ ಸೇರಿಸಿದೆ. ಅವರು ತಲೆಯಾಡಿಸಿದರು. ಹಸಿ ಕಲ್ಲು ದ್ವೀಪ ಬಿಟ್ಟು ಹೋಗುವಂತಿಲ್ಲ, ಕೆತ್ತಿದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು.

ಹಾಗಾಗಿ ಅವರು ಕೆತ್ತಿ ಮುಗಿಸಿದ್ದ, ಬೆರಳುದ್ದದ ರೇವನ್ ಒಂದನ್ನು ಕೊಂಡೆ. ಸುತ್ತಿಕೊಡುವ ಮೊದಲು ಅವರು ಅದನ್ನು ಬೋರಲು ಹಾಕಿ, ಚೂಪು ಚಾಕುವಿನ ತುದಿಯಿಂದ ತಳದಲ್ಲಿ ತಮ್ಮ ಇಂಗ್ಲಿಷ್ ಹೆಸರು, ಅದರ ಕೆಳಗೆ ಹೈಡಾ ಹೆಸರು, ಆಮೇಲೆ ಇಸವಿ ಕೊರೆದರು. ಹೀಟರಿನ ಹತ್ತಿರ ಇಡಬೇಡಿ, ಆಗಾಗ ಕೈಯಲ್ಲಿ ಹಿಡಿದು ಸವರಿ, ಕೈಯ ಎಣ್ಣೆ ಅದಕ್ಕೆ ಒಳ್ಳೆಯದು ಎಂದರು. ಈಗ ಅದು ಊರಿನಲ್ಲಿ ಅಮ್ಮನ ಎಲೆತಟ್ಟೆಯ ಪಕ್ಕದಲ್ಲಿದೆ. ಬಂದವರಿಗೆಲ್ಲ ಅಮ್ಮ ಮೊದಲು ಅದನ್ನು ಮಗುಚಿ, ತಳದ ಹೆಸರು ತೋರಿಸುತ್ತಾಳೆ.